ಅಂಗಡಿಕಾರರ ಬದುಕೂ ಅಚ್ಚಾಗಲಿ

ಸಂಪಾದಕರೇ,

ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆ ನೀವು ಪ್ರಕಟಿಸಿದ ಲೇಖನ ಚೆನ್ನಾಗಿತ್ತು, ಆದರೆ ಅದರಲ್ಲಿ ದೊಡ್ಡ ನಾಯಕರಷ್ಟೇ ಇದ್ದರು, ಸಣ್ಣ ಊರಿನ ಅಂಗಡಿಯವರು ಯಾರೂ ಇರಲಿಲ್ಲ.

ಮಿಸಿಸಿಪ್ಪಿಯ ಹ್ಯಾಟೀಸ್‌ಬರ್ಗ್ ಬಳಿಯ ವರ್ನನ್ ಡೇಮರ್ ಅವರನ್ನೇ ನೋಡಿ. ಒಂದು ದಿನಸಿ ಅಂಗಡಿ, ಮರ ಕೊಯ್ಯುವ ಮಿಲ್ಲು, ಹೊಲ, ಎಂಟು ಮಕ್ಕಳ ಸಂಸಾರ. ಬಿಳಿಯ ಮಾಲೀಕರ ಹತ್ತಿರ ದುಡಿಯುವ ಕಪ್ಪು ಜನರು ಮತದಾನದ ಮಾತೆತ್ತಿದರೆ ಕೆಲಸವೇ ಹೋಗುತ್ತಿದ್ದ ಕಾಲ ಅದು. ಸ್ವಂತ ದುಡಿಮೆ ಇದ್ದುದರಿಂದಲೇ ಇವರು ಎದುರು ನಿಲ್ಲಲು ಆಯಿತು. ಮತ ಹಾಕಲು ಕಟ್ಟಬೇಕಿದ್ದ ತಲೆಗಂದಾಯವನ್ನು ತಮ್ಮ ಅಂಗಡಿಯಲ್ಲೇ ಕಟ್ಟಬಹುದು, ದುಡ್ಡಿಲ್ಲದವರ ಪರವಾಗಿ ತಾವೇ ಕೊಡುತ್ತೇವೆ ಎಂದು ಸಾರಿದರು.

1966ರ ಜನವರಿ 10ರ ನಸುಕಿನಲ್ಲಿ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಮನೆಗೂ ಅಂಗಡಿಗೂ ಬೆಂಕಿ ಹಚ್ಚಿದರು. ಹೆಂಡತಿ ಮಕ್ಕಳು ಹಿಂದಿನಿಂದ ಪಾರಾಗುವ ತನಕ ಡೇಮರ್ ಬಂದೂಕು ಹಿಡಿದು ತಡೆದರು. ಹೊಗೆ, ಬೆಂಕಿಗೆ ಶ್ವಾಸಕೋಶ ಸುಟ್ಟು ಅವತ್ತೇ ತೀರಿಕೊಂಡರು. ಆಗ ಅವರ ನಾಲ್ವರು ಗಂಡುಮಕ್ಕಳು ಅಮೆರಿಕದ ಸೇನೆಯಲ್ಲಿದ್ದರು! ಸಮವಸ್ತ್ರದಲ್ಲೇ ಬಂದು ಸುಟ್ಟ ಮನೆಯ ಮುಂದೆ ನಿಂತ ಅವರ ಫೋಟೊ ನೋಡಿದರೆ ಹೊಟ್ಟೆ ಉರಿಯುತ್ತದೆ. ದಾಳಿಗೆ ಆದೇಶ ಕೊಟ್ಟ ಕ್ಲಾನ್ ಮುಖಂಡ ಸ್ಯಾಮ್ ಬೋವರ್ಸ್‌ಗೆ ಶಿಕ್ಷೆಯಾಗಿದ್ದು 1998ರಲ್ಲಿ.

ಜನವರಿ 25ಕ್ಕೆ ನಮ್ಮಲ್ಲಿ ಮತದಾರರ ದಿನ. ಅವತ್ತು ಸುಮ್ನೆ ಘೋಷಣೆಗಳನ್ನು ಹಾಕುವ ಬದಲು ಡೇಮರ್ ಅವರ ಬಗ್ಗೆ ಒಂದು ಪೂರ್ತಿ ಪುಟ ಕೊಡಿ. ಆ ಫೋಟೊವನ್ನೂ ದೊಡ್ಡದಾಗಿ ಹಾಕಿ.

– ನಿಮ್ಮ ಓದುಗ, ಮೈಸೂರು