ಸೆಕ್ಷನ್ ಕೈಗೆ ಬಂದ ಗೆಳೆಯನಿಗೆ

ಗೆಳೆಯಾ,

ನಿನ್ನ ಪತ್ರ ಓದಿದೆ. ಸೇನೆಯ ಒಂದು ಪುಟ್ಟ ತುಕಡಿ, ಸೆಕ್ಷನ್, ನಿನ್ನ ಕೈಗೆ ಬಂದಿದೆ, ಹತ್ತು ಜನ, ಅದರಲ್ಲಿ ನಾಲ್ವರು ತೀರಾ ಹೊಸಬರು, ಹೊರಡಲು ಇನ್ನು ಆರೇ ವಾರ. "ಹುಡುಗರಲ್ಲಿ ಶಿಸ್ತು ಸಾಲದು, ಬಿಗಿ ಮಾಡಬೇಕು" ಅಂತ ಬರೆದಿದ್ದೀಯ. ಮಾಡು, ಬೇಡ ಅನ್ನುವುದಿಲ್ಲ. ಎಲ್ಲಿ ಬಿಗಿ ಮಾಡುತ್ತೀಯ ಅನ್ನುವುದರ ಬಗ್ಗೆ ಮಾತ್ರ ನನ್ನ ತಕರಾರು.

ನನಗೆ ಮೊದಲ ಸಲ ಸೆಕ್ಷನ್ ಸಿಕ್ಕಾಗ ಎಲ್ಲವನ್ನೂ ಬಿಗಿ ಮಾಡಿದ್ದೆ. ಹಾಸಿಗೆಯ ಮಡಿಕೆ, ಬೂಟಿನ ಪಾಲಿಶ್, ಸೆಲ್ಯೂಟ್, ಎಲ್ಲಾ. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ನಾನಿದ್ದರೆ ಎಲ್ಲರೂ ನೆಟ್ಟಗೆ, ಬೆನ್ನು ತಿರುಗಿಸಿದರೆ ಅವರದೇ ರಾಜ್ಯ. ರಾತ್ರಿ ಮೂರಕ್ಕೆ ಮಳೆಯಲ್ಲಿ ಕಾವಲು ನಿಂತವನನ್ನು ನೋಡಲು ನಾನೇನು ಅಲ್ಲಿರುತ್ತೇನಾ? ಅವನು ಕಣ್ಣು ಮುಚ್ಚಬಾರದು ಅಷ್ಟೇ. ಅದಕ್ಕೆ ನನ್ನ ಕೂಗಾಟದಿಂದ ಏನೂ ಆಗಲಿಲ್ಲ.

ಬರ್ಮಾದ ಕಥೆ ನಿನಗೆ ಹೇಳಿದ್ದೆನಾ? ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಸ್ಲಿಮ್ 14ನೇ ಸೇನೆಯ ಹೊಣೆ ಹೊತ್ತಾಗ ಗುಂಡಿಗಿಂತ ಕಾಯಿಲೆಯೇ ಜಾಸ್ತಿ ಜನರನ್ನು ಮಲಗಿಸುತ್ತಿತ್ತು. ಗಾಯವಾಗಿ ಹಿಂದಕ್ಕೆ ಹೋದವನು ಒಬ್ಬನಾದರೆ, ಕಾಯಿಲೆ ಬಿದ್ದು ಹೋದವರು 120 ಜನ. ಮಲೇರಿಯಾಕ್ಕೆ ಮೆಪಾಕ್ರಿನ್ ಮಾತ್ರೆ ಇತ್ತು, ಆದರೆ ಅದನ್ನು ದಿನಾ ನುಂಗಬೇಕಲ್ಲ! ಸ್ಲಿಮ್ ಮುನ್ಸೂಚನೆ ಇಲ್ಲದೆ ಇಡೀ ಪಡೆಯ ತಪಾಸಣೆ ಮಾಡಿಸಿದರು. ನೂರಕ್ಕೆ ಕನಿಷ್ಠ 95 ಜನರಾದರೂ ಮಾತ್ರೆ ತಗೊಂಡಿರದಿದ್ದರೆ ಆ ಪಡೆಯ ಕಮಾಂಡಿಂಗ್ ಆಫೀಸರ್ ಕೆಲಸಕ್ಕೇ ಕುತ್ತು. ಮೂವರನ್ನು ತೆಗೆದ ಮೇಲೆ ನಾಲ್ಕನೆಯವರನ್ನು ತೆಗೆಯುವ ಪ್ರಸಂಗ ಬರಲಿಲ್ಲ. ಶಿಕ್ಷೆ ಯಾರಿಗೆ ಆಯ್ತು ನೋಡು. ಮಾತ್ರೆ ಬಿಸಾಕಿದ ಸಿಪಾಯಿಗಲ್ಲ, ಅವನು ನುಂಗಿದನಾ ಅಂತ ನೋಡದ ಅಧಿಕಾರಿಗೆ.

ನಿನ್ನ ಸೆಕ್ಷನ್‌ನಲ್ಲಿ ಆ ಮಾತ್ರೆಯಂಥ ಸಂಗತಿಗಳು ಯಾವುವು ಅಂತ ಹುಡುಕು. ನನ್ನ ಲೆಕ್ಕದಲ್ಲಿ ಕಾಲು, ನೀರು, ರೈಫಲ್, ಮತ್ತೆ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಅಂದರೆ ಟೂರ್ನಿಕೆಟ್. ಪಾಲಿಶ್ ಆಮೇಲೆ.

ಟೂರ್ನಿಕೆಟ್ ಅಂದ ಕೂಡಲೇ ಒಂದು ರಾತ್ರಿ ನೆನಪಾಗುತ್ತದೆ. ಸುಮ್ನೆ ಪರೀಕ್ಷೆ ಮಾಡೋಣ ಅಂತ ಒಬ್ಬ ಹುಡುಗನಿಗೆ ಹೇಳಿದೆ: "ನಿನ್ನ ಬಲಗೈ ಹೋಯ್ತು. ದೀಪ ಇಲ್ಲ. ಟೂರ್ನಿಕೆಟ್ ತೆಗಿ." ಅವನದು ಬ್ಯಾಗಿನ ತಳದಲ್ಲಿ, ಜಿಪ್ ಹಾಕಿದ ಚೀಲದೊಳಗೆ, ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಭದ್ರವಾಗಿತ್ತು. ಎಡಗೈಯಲ್ಲಿ ಜಿಪ್ ಎಳೆದ, ಹಲ್ಲಲ್ಲಿ ಕಚ್ಚಿ ಹರಿಯಲು ನೋಡಿದ, ಕೈ ಜಾರಿತು, ಮತ್ತೆ ಕಚ್ಚಿದ. ಮೊದಲು ನಗುತ್ತಿದ್ದವರು ನಿಧಾನಕ್ಕೆ ಸುಮ್ಮನಾದರು. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷ ಅಂತ ಎಲ್ಲರಿಗೂ ಪಾಠ ಆಗಿತ್ತು, ಆದರೆ ಆ ನಿಮಿಷಗಳು ಹೇಗೆ ಓಡುತ್ತವೆ ಅಂತ ಅವತ್ತೇ ಗೊತ್ತಾಗಿದ್ದು. ಮರುದಿನದಿಂದ ಎಲ್ಲರದೂ ಒಂದೇ ಜಾಗದಲ್ಲಿ, ಎರಡೂ ಕೈಗೆ ಸಿಗುವ ಹಾಗೆ. ಬೇರೆಯವನ ಮೈಮೇಲೂ ಕತ್ತಲಲ್ಲಿ ತಡಕಿದರೆ ಸಿಗಬೇಕು. ನಾನು ಒಂದು ಮಾತೂ ಬೈಯಲಿಲ್ಲ.

ಆರ್ಡರ್ ಕೊಟ್ಟ ಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡ. ಎಲ್ಲರೂ "ಆಯ್ತು ಸರ್" ಅನ್ನುತ್ತಾರೆ, ನಾವೂ ಅಂದಿದ್ದೇವೆ ಅಲ್ವಾ? ಎಲ್ಲರಿಗಿಂತ ಚಿಕ್ಕವನನ್ನು ಎಬ್ಬಿಸಿ, ಪ್ಲಾನ್ ಏನು, ನನಗೆ ಗುಂಡು ಬಿದ್ದರೆ ಏನು ಮಾಡುತ್ತೀಯ ಅಂತ ಅವನ ಬಾಯಲ್ಲೇ ಹೇಳಿಸು. ನೆಲದ ಮೇಲೆ ದಾರ, ಕಲ್ಲು ಇಟ್ಟು ಜಾಗದ ಮಾದರಿ ಮಾಡಿ, ಅದರ ಮೇಲೆ ನಡೆಸು. ಹಗಲಲ್ಲಿ ಒಮ್ಮೆ, ಕತ್ತಲಲ್ಲಿ ಇನ್ನೊಮ್ಮೆ. ಕೈಯಲ್ಲಿ ಆರು ಗಂಟೆ ಇದ್ದರೆ ನೀನು ಎರಡೇ ಗಂಟೆ ತಗೋ, ನಾಲ್ಕು ಹುಡುಗರಿಗೆ ಬಿಡು. ಇದು ಹಳೇ ಸೂತ್ರ, ಆದರೂ ಪ್ಲಾನನ್ನು ಚಂದ ಮಾಡುತ್ತಾ ಕೂತು ಎಲ್ಲಾ ಸಮಯವನ್ನೂ ತಾವೇ ನುಂಗುವವರು ಜಾಸ್ತಿ.

"ನನಗೆ ಗುಂಡು ಬಿದ್ದರೆ" ಅನ್ನುವುದನ್ನು ಅಪಶಕುನ ಅಂದುಕೊಳ್ಳಬೇಡ. 1982ರ ಮೇ 28ರಂದು, ಬ್ರಿಟನ್-ಅರ್ಜೆಂಟೀನಾ ಯುದ್ಧದಲ್ಲಿ, ಫಾಕ್‌ಲ್ಯಾಂಡ್ಸ್‌ನ ಗೂಸ್ ಗ್ರೀನ್‌ನಲ್ಲಿ ಬ್ರಿಟಿಷ್ ಪ್ಯಾರಾ ಬೆಟಾಲಿಯನ್ನಿನ ಕಮಾಂಡಿಂಗ್ ಆಫೀಸರ್ ಎಚ್. ಜೋನ್ಸ್ ಕಾಳಗದ ನಡುವೆಯೇ ಸತ್ತರು. ಮೇಜರ್ ಕ್ರಿಸ್ ಕೀಬಲ್ ಅಲ್ಲಿಂದ ಮುಂದಕ್ಕೆ ನಡೆಸಿದರು, ಮರುದಿನ ಎದುರಾಳಿ ಶರಣಾಯಿತು. ಬೆಟಾಲಿಯನ್ನಿಗೇ ಹೀಗಾಗುತ್ತದೆ ಅಂದಮೇಲೆ ಹತ್ತು ಜನರ ಸೆಕ್ಷನ್ ಯಾವ ಲೆಕ್ಕ? ವಾರಕ್ಕೆ ಒಂದು ಅಭ್ಯಾಸದಲ್ಲಾದರೂ ಮೊದಲ ಐದು ನಿಮಿಷಕ್ಕೇ ನೀನು "ಸತ್ತು" ಮಲಗು. ಬಾಯಿ ಮಾತ್ರ ಬಿಡಬೇಡ. ನಿನಗೆ ಅದೇ ಕಷ್ಟ, ನನಗೆ ಗೊತ್ತು.

ನಿದ್ದೆಗೂ ಪಾಳಿ ಹಾಕು, ನಿನ್ನ ಹೆಸರನ್ನೂ ಸೇರಿಸು. ಎರಡು ದಿನ ನಿದ್ದೆಗೆಟ್ಟ ನಾಯಕ ಧೈರ್ಯವಂತನಲ್ಲ, ದಡ್ಡ. ಶರಣಾದವನಿಗೆ ಹಾನಿ ಮಾಡಬಾರದು ಅನ್ನುವುದನ್ನೂ ಈಗಲೇ ಡ್ರಿಲ್ ಮಾಡಿಸು: ಆಯುಧ ಕಿತ್ತುಕೊಳ್ಳುವುದು, ತಡಕುವುದು, ಗಾಯವಿದ್ದರೆ ಕಟ್ಟುವುದು, ಹಿಂದಕ್ಕೆ ಕಳಿಸುವುದು. 1949ರ ಜಿನೀವಾ ಒಪ್ಪಂದಗಳನ್ನು ಹುಡುಗರು ತರಗತಿಯಲ್ಲಿ ಕೇಳಿರುತ್ತಾರೆ. ಆದರೆ ಪಕ್ಕದವನು ಸತ್ತ ಹತ್ತು ನಿಮಿಷಕ್ಕೆ ತರಗತಿ ನೆನಪಿರುವುದಿಲ್ಲ, ಕೈಗೆ ಅಭ್ಯಾಸ ಆಗಿರುವುದು ಮಾತ್ರ ಉಳಿಯುತ್ತದೆ. ಆ ಹೊತ್ತಲ್ಲಿ ಅವರು ನಿನ್ನ ಮುಖ ನೋಡುತ್ತಾರೆ, ಅದೂ ನೆನಪಿರಲಿ.

ಎಲ್ಲದಕ್ಕೂ ಎದುರು ಮಾತಾಡುವ ಆ ಒಬ್ಬನ ಬಗ್ಗೆ ಕೇಳಿದ್ದೀಯ. ನನಗೂ ಅಂಥವನೊಬ್ಬ ಇದ್ದ. ಒಂದು ರಾತ್ರಿ ಗಸ್ತು ಅಭ್ಯಾಸಕ್ಕೆ ಮೊದಲು ಎಲ್ಲರ ಕಿಟ್ಟನ್ನೂ ಬಿಚ್ಚಿಸಿ, ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ, ಹೆಮ್ಮೆಯಿಂದ ಹೊರಟಿದ್ದೆ. ನಡುರಾತ್ರಿ ರೇಡಿಯೋ ಸೆಟ್ ಸತ್ತಿತು. ಬದಲಿ ಬ್ಯಾಟರಿ ನನ್ನ ಪಾಲಿಗೆ ಬಂದಿತ್ತು, ಅದು ನನ್ನ ಮಂಚದ ಮೇಲೇ ಉಳಿದಿತ್ತು. ವಾಪಸ್ ಬರುವಾಗ ಅವನು ಮೆತ್ತಗೆ ಕೇಳಿದ, "ಸರ್, ನಿಮ್ಮ ಕಿಟ್ ಯಾರು ನೋಡಿದ್ರು?" ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ಎಲ್ಲರ ಎದುರು ತಪ್ಪು ನನ್ನದೇ ಅಂತ ಒಪ್ಪಿಕೊಂಡೆ, ಇನ್ನುಮುಂದೆ ನನ್ನ ಕಿಟ್ ನೋಡುವ ಕೆಲಸ ಅವನದೇ ಅಂದೆ. ಆಮೇಲೆ ಒಮ್ಮೆಯೂ ಅವನು ನನ್ನನ್ನು ಸುಲಭಕ್ಕೆ ಬಿಡಲಿಲ್ಲ. ನೀರಿನ ಬಾಟಲಿ ಅರ್ಧ ಇದ್ದರೂ ವಾಪಸ್ ಕಳಿಸುತ್ತಿದ್ದ.

ನಿನ್ನವನಿಗೂ ಆ ಕೆಲಸ ಕೊಟ್ಟು ನೋಡು. ಏನಾಯ್ತು ಅಂತ ಹೊರಡುವ ಮುಂಚೆ ಎರಡು ಸಾಲು ಬರಿ.

ನಿನ್ನ ಗೆಳೆಯ