ಕುರ್ಚಿ ತರಲು ಹೋದವನ ಮಾತು

ಪ್ರೀತಿಯ ತಂಗಿಗೆ,

ನಿನ್ನ ಪತ್ರವೂ ಅದರ ಜೊತೆಗಿದ್ದ ಕರಡೂ ತಲುಪಿದವು. ವಿಶ್ವವಿದ್ಯಾಲಯ ಸೇರುವ ಮೊದಲಿನ ಎ-ಲೆವೆಲ್ ಪರೀಕ್ಷೆಗೆ ಬರೀ ಸಾಹಿತ್ಯ ತೆಗೆದುಕೊಳ್ಳುವುದು ಬಿಟ್ಟು ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯ ಎರಡೂ ಬೆರೆತ ವಿಷಯವನ್ನು ಆರಿಸಿಕೊಂಡು ಕೆಟ್ಟೆ ಎಂದು ಕೊರಗಿದ್ದೀಯ. ಕಥೆ ಬರೆಯುವವಳಿಗೆ ಸರ್ವನಾಮ ಎಣಿಸುವ ಕೆಲಸ ಯಾಕೆ ಎಂಬ ಸಿಟ್ಟೂ ಇದೆ. ವಿಶ್ವವಿದ್ಯಾಲಯದ ಚಿಂತೆಯನ್ನು ಮೊದಲು ಮುಗಿಸೋಣ. ಇಂಗ್ಲಿಷ್ ಪದವಿಗೆ ಈ ವಿಷಯವನ್ನು ಒಪ್ಪಿಕೊಳ್ಳುವ ಕಡೆಗಳು ಬೇಕಾದಷ್ಟಿವೆ. ನಿನಗೆ ಬೇಕಾದ ಕಡೆಯ ಪ್ರವೇಶ ನಿಯಮವನ್ನು ಒಮ್ಮೆ ನೋಡಿಕೊಂಡು ನಿಶ್ಚಿಂತಳಾಗು.

ಸರ್ವನಾಮದ, ಅಂದರೆ ವ್ಯಾಕರಣದ ವಿಷಯಕ್ಕೆ ಬರುತ್ತೇನೆ. ನನ್ನ ಮೊದಮೊದಲ ಕಥೆಯೊಂದರಲ್ಲಿ 'ಅವನು ಹೊಡೆಯಲ್ಪಟ್ಟನು' ಎಂದು ಬರೆದಿದ್ದೆ. ಗಂಭೀರವಾಗಿದೆ ಎಂಬ ಭ್ರಮೆ. ಸಂಪಾದಕರು ಅಂಚಿನಲ್ಲಿ ಪೆನ್ಸಿಲ್‌ನಿಂದ ಎರಡೇ ಪದ ಬರೆದು ವಾಪಸು ಕಳಿಸಿದರು: 'ಹೊಡೆದವರು ಯಾರು?' ಉತ್ತರ ನನ್ನಲ್ಲಿರಲಿಲ್ಲ. ಕಥೆಯಲ್ಲಿದ್ದ ತೂತನ್ನು ಒಂದು ಕರ್ಮಣಿ ಪ್ರಯೋಗದಿಂದ ಮುಚ್ಚಿದ್ದೆ, ಅಷ್ಟೆ. ವ್ಯಾಕರಣ ನನಗೆ ಮೊದಲ ಬಾರಿ ಉಪಯೋಗಕ್ಕೆ ಬಂದದ್ದು ಆ ದಿನ. ಆಗ ನನಗೆ ಮೂವತ್ತು ದಾಟಿತ್ತು. ನಿನಗಿನ್ನೂ ಹದಿನೇಳು.

ನೀನು ಓದುತ್ತಿರುವುದು ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪಠ್ಯಕ್ರಮ. ಅದರ ಎರಡನೆಯ ಪತ್ರಿಕೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಪ್ರಶ್ನೆಯಿದೆ. ಓದಿದ ಕೃತಿಯ ಒಂದು ಸನ್ನಿವೇಶವನ್ನು ಇನ್ನೊಬ್ಬರ ಕಣ್ಣಿನಿಂದ ಸುಮಾರು 300 ಪದಗಳಲ್ಲಿ ಮರುಬರೆಯಬೇಕು. ಆಮೇಲೆ ಹಾಗೇಕೆ ಬರೆದೆ ಎಂದು ವಿಮರ್ಶಾತ್ಮಕ ಟಿಪ್ಪಣಿ ಕೊಡಬೇಕು. ಮರುಬರಹಕ್ಕೆ 25 ಅಂಕ, ಟಿಪ್ಪಣಿಗೆ 30. ಬರೆದದ್ದಕ್ಕಿಂತ ಬರೆದದ್ದರ ಲೆಕ್ಕ ಒಪ್ಪಿಸುವುದಕ್ಕೇ ಹೆಚ್ಚು ಅಂಕ! ನಿನಗೆ ಇದು ಅನ್ಯಾಯವೆನಿಸಿದೆ; ನನಗೆ ಹೊಟ್ಟೆಕಿಚ್ಚಾಗಿದೆ. ನಮ್ಮ ಕಾಲದಲ್ಲಿ ಕವಿಯ ಆಶಯವೇನು ಎಂದು ಕೇಳುತ್ತಿದ್ದರೇ ಹೊರತು ನಿನ್ನ ಆಶಯವೇನು ಎಂದು ಯಾರೂ ಕೇಳಲಿಲ್ಲ.

ಈಗ ನಿನ್ನ ಕರಡು. 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿಯ ಎರಡನೆಯ ಅಧ್ಯಾಯದಲ್ಲಿ ಬೂದಿ ರಾಶಿಗಳ ನಡುವಿನ ಗ್ಯಾರೇಜಿನ ಸನ್ನಿವೇಶವನ್ನು ಅದರ ಮಾಲೀಕ ವಿಲ್ಸನ್‌ನ ಬಾಯಿಂದ ಹೇಳಿಸಿದ್ದೀಯ. ಆಯ್ಕೆ ಚೆನ್ನಾಗಿದೆ. ಹೆಂಡತಿ ಮರ್ಟಲ್ ಗಂಡನ ಕಡೆ ತಿರುಗಿಯೂ ನೋಡದೆ ಕುರ್ಚಿ ತರಲು ಹೇಳುತ್ತಾಳೆ. ಅವನು ಅವಸರವಾಗಿ ಒಳಗೆ ಹೋಗುತ್ತಾನೆ. ಅಷ್ಟರಲ್ಲಿ ಅವಳ ಗುಟ್ಟಿನ ಪ್ರಿಯಕರ ಟಾಮ್ ಅವಳಿಗೆ ಮುಂದಿನ ರೈಲು ಹತ್ತಿ ಬಾ ಎನ್ನುತ್ತಾನೆ. ವಿಲ್ಸನ್ ಎರಡು ಕುರ್ಚಿ ಹಿಡಿದು ಹೊರಗೆ ಬರುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ.

ಆದರೆ ನಿನ್ನ ವಿಲ್ಸನ್ ಕಾದಂಬರಿಯ ಕಥೆ ಹೇಳುವ ನಿಕ್‌ನ ಕೋಟು ತೊಟ್ಟು ಬಂದಿದ್ದಾನೆ. ಬೂದಿಯ ಬಗ್ಗೆ ನಾಲ್ಕು ಸಾಲಿನ ಉಪಮೆ ಹೇಳುತ್ತಾನೆ. ಹುಟ್ಟಿದ್ದೇ ಬೂದಿಯಲ್ಲಿ ಎಂಬಂತಿರುವವನಿಗೆ ಅದು ಕಾಣುತ್ತದೆಯೇ? ಅವನ ಕಣ್ಣಿಗೆ ಬೀಳುವುದು ಟಾಮ್ ಮಾರುತ್ತೇನೆಂದು ಹೇಳಿ ದಿನ ತಳ್ಳುತ್ತಿರುವ ಕಾರು, ಕಚೇರಿಯಲ್ಲಿರುವ ಕುರ್ಚಿ. ಇನ್ನೊಂದು ತಪ್ಪು, ಇದು ದೊಡ್ಡದು: 'ಅವರಿಬ್ಬರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು' ಎಂದು ಅವನಿಂದ ಹೇಳಿಸಿದ್ದೀಯ. ಗುಟ್ಟು ಓದುಗನಿಗೆ ಗೊತ್ತು, ವಿಲ್ಸನ್‌ಗೆ ಗೊತ್ತಿಲ್ಲ. ಆ ಅಂತರದಲ್ಲೇ ಸಂಕಟವಿರುವುದು. ಆ ವಾಕ್ಯ ಹೊಡೆದುಹಾಕು.

ಒಂದು ಕಡೆ ಮಾತ್ರ ನಿನ್ನ ಕೈ ತಾನಾಗಿ ಸರಿದಾರಿ ಹಿಡಿದಿದೆ. ಕುರ್ಚಿ ತರುವ ಎರಡು ಇಂಗ್ಲಿಷ್ ವಾಕ್ಯಗಳಲ್ಲಿ 'ಐ' (ನಾನು) ಬಿಟ್ಟಿದ್ದೀಯ. ಕನ್ನಡದಲ್ಲಿ 'ಕುರ್ಚಿ ತಂದೆ' ಎಂದರೆ ಸಾಕು, ತಂದವನು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತಾನೆ. ಇಂಗ್ಲಿಷ್‌ನಲ್ಲಿ ಕರ್ತೃವನ್ನು ಕಿತ್ತರೆ ಮನುಷ್ಯನೇ ಕಾಣೆಯಾಗುತ್ತಾನೆ. ಗೋಡೆಯ ಸಿಮೆಂಟು ಬಣ್ಣದಲ್ಲಿ ಕರಗಿಹೋಗುವ ವಿಲ್ಸನ್‌ಗೆ ಇದಕ್ಕಿಂತ ಒಪ್ಪುವ ವ್ಯಾಕರಣ ಬೇಕೇ? ಬೇಕೆಂದೇ ಬಿಟ್ಟೆಯೋ, ಮನೆಮಾತಿನ ಅಭ್ಯಾಸ ನುಸುಳಿತೋ ನನಗೆ ತಿಳಿಯದು. ಹೇಗೇ ಬಂದಿರಲಿ, ಈಗ ಅದು ನಿನ್ನದು. ಟಿಪ್ಪಣಿಯಲ್ಲಿ ಅದನ್ನು ಸಮರ್ಥಿಸಿಕೋ. ಸುಮ್ಮನೆ 'ಇಲ್ಲಿ ಕರ್ತೃಲೋಪವಿದೆ' ಎಂದು ಚೀಟಿ ಅಂಟಿಸಿ ಮುಂದೆ ಹೋಗಬೇಡ. ಪಾರಿಭಾಷಿಕ ಪದ ಬರೆದ ಮೇಲೆ 'ಅದಕ್ಕೇನಾಯಿತು?' ಎಂದು ಕೇಳಿಕೊಂಡರೆ ಉತ್ತರ ಸಿಗಬೇಕು.

ಪಠ್ಯವಾಗಿರುವ, ಪ್ಯಾರಿಸ್ ಕುರಿತ ಬರಹಗಳ ಸಂಕಲನ ಬೇಸರ ತರಿಸುತ್ತದೆ ಎಂದಿದ್ದೀಯಲ್ಲ, ಅಲ್ಲಿ ಬರೆದಿಟ್ಟಿರುವ ಸಂಭಾಷಣೆಗಳನ್ನು ಗಟ್ಟಿಯಾಗಿ ಓದು. ಜನ ತಡವರಿಸುವುದು, ಮಾತಿನ ಮಧ್ಯೆ ಇನ್ನೊಬ್ಬರು ಬಾಯಿ ಹಾಕುವುದು, ಅರ್ಧಕ್ಕೆ ಬಿಡುವುದು ಎಲ್ಲವೂ ಹಾಗೆಯೇ ಇದೆ. ನಿನ್ನ ಕಥೆಗಳಲ್ಲಿ ಎಲ್ಲರೂ ಸರದಿಯಲ್ಲಿ ನಿಂತವರಂತೆ ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ.

ವಿಲ್ಸನ್‌ನನ್ನು ಇನ್ನೊಮ್ಮೆ ಬರೆದು ಕಳಿಸು. ಟಿಪ್ಪಣಿಯೂ ಜೊತೆಗಿರಲಿ, ನಾನು ಅದನ್ನೇ ಮೊದಲು ಓದುತ್ತೇನೆ.

ನಿನ್ನ ಅಕ್ಕ