ಮೀನಿಗೆ ಬರವಿಲ್ಲ, ಗುತ್ತಿಗೆ ಹಣಕ್ಕೆ ರಜೆಯಿಲ್ಲ!

ಮಾನ್ಯರೇ,

ನಮ್ಮ ದೊಡ್ಡಕೆರೆಯ ಮೀನುಗಳ ಸಾವಿನ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿದೆ. ಫೋಟೊ ಚೆನ್ನಾಗಿಯೇ ಬಂದಿದೆ. ಆದರೆ ಕೊನೆಯ ಪ್ಯಾರಾದಲ್ಲಿ ಅಧಿಕಾರಿಗಳು ಹೇಳಿದ್ದಾರಲ್ಲ, 'ಹವಾಮಾನ ವೈಪರೀತ್ಯದಿಂದ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸತ್ತಿವೆ, ಯಾರೂ ಆತಂಕಪಡಬೇಕಿಲ್ಲ' ಅಂತ, ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಆತಂಕ ಯಾರಿಗೆ ಬೇಡ ಸ್ವಾಮಿ? ಆ ಕೆರೆಯ ಮೀನು ಗುತ್ತಿಗೆಯಲ್ಲಿ ಪಾಲು ಹಾಕಿರುವ ನಮಗೋ, ತಿಂಗಳಾದರೆ ಸಂಬಳ ಎಣಿಸುವವರಿಗೋ?

ಭರಣಿ ಸುರಿದರೆ ಧರಣಿ ಬೆಳೆ ಎನ್ನುತ್ತಾರೆ. ಈ ಸಲ ಭರಣಿ ಮಳೆ ಸುರಿದದ್ದು ಒಂದೇ ಸಂಜೆ, ಅದೂ ವಾರಗಟ್ಟಲೆ ಕಾದ ನೀರಿನ ಮೇಲೆ. ಕೆರೆಯಲ್ಲಿ ಉಳಿದಿದ್ದುದೇ ಸೊಂಟದುದ್ದ ನೀರು, ತಳದಲ್ಲಿ ಕೊಳೆತ ಕಪ್ಪು ಕೆಸರು. ಗಾಳಿಮಳೆಗೆ ತಳದ್ದೆಲ್ಲ ಕಲಕಿ ಮೇಲೆ ಬಂತು. ಮಾರನೇ ದಿನ ಪೂರ್ತಿ ಮೋಡ. ಅದರ ಮರುದಿನ ಬೆಳಗಿನ ಜಾವ ಏರಿ ಮೇಲೆ ನಿಂತು ಟಾರ್ಚ್ ಬಿಟ್ಟರೆ ಕಾಟ್ಲಾ ಮೀನುಗಳೆಲ್ಲ ನೀರಿನ ಮೇಲೆ ಬಾಯಿ ತೆರೆದು ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತಿದ್ದವು. ಡೀಸೆಲ್ ಪಂಪ್ ತಂದು ಕೆರೆ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿದೆವು (ಕರೆಂಟ್ ಮಳೆಗೆ ಮುಂಚೆಯೇ ಹೋಗಿತ್ತು, ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು). ಹೊತ್ತೇರುವಷ್ಟರಲ್ಲಿ ಹೊಟ್ಟೆ ಮೇಲಾಗಿ ದಡಕ್ಕೆ ಬಂದು ಬೀಳತೊಡಗಿದವು. ಮೊದಲು ಹೋಗುವುದೇ ದೊಡ್ಡವು, ಅಂದರೆ ನಾಲ್ಕು ಕಾಸು ತರುವಂಥವು.

ಅಧಿಕಾರಿಗಳ ಜೀಪು ಬಂದದ್ದು ಹನ್ನೆರಡರ ಮೇಲೆ. ಅಷ್ಟು ಹೊತ್ತಿಗೆ ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು. ಬಂದವರಲ್ಲೊಬ್ಬರು ತಾವು ಕುಡಿದು ಖಾಲಿ ಮಾಡಿದ ನೀರಿನ ಬಾಟಲಿಯನ್ನೇ ದಡದಲ್ಲಿ ಅದ್ದಿ, ಮುಚ್ಚಳ ತಿರುಗಿಸಿ, 'ಸ್ಯಾಂಪಲ್ ತಗೊಂಡಿದೀವಿ' ಅಂದರು. ಕೆರೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದು ಬೆಳಗಿನ ಜಾವ. ಬಿಸಿಲು ಬಿದ್ದ ಮೇಲೆ ಪಾಚಿ ಅದನ್ನು ಮತ್ತೆ ತುಂಬಿಸುತ್ತದೆ. ಇದನ್ನು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟವರೂ ಇವರ ಕಡೆಯವರೇ. ಮಧ್ಯಾಹ್ನದ ಬಾಟಲಿಯಲ್ಲಿ ಏನು ಸಿಗಬೇಕು, ಮಿನರಲ್ ವಾಟರೇ?

ನನ್ನ ಮನೆ ಇರುವುದು ಏರಿ ಪಕ್ಕ. ವಾಸನೆಗೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಮೀನು ಹೂಳಲು ತರಿಸಿದ ಜೆಸಿಬಿ ಬಾಡಿಗೆ ನಮ್ಮ ತಲೆಗೇ ಬಂತು. ಪಂಚಾಯಿತಿಯವರು ಒಂದಿಷ್ಟು ಬ್ಲೀಚಿಂಗ್ ಪೌಡರ್ ಎರಚಿ ಫೋಟೊ ತೆಗೆಸಿಕೊಂಡು ಹೋದರು. ಮಗಳನ್ನು ನೋಡಲು ಹೊರಟಿದ್ದ ಹುಡುಗನ ಕಡೆಯವರು ಬಾಣಾವರದ ತನಕ ಬಂದು, ಸುದ್ದಿ ತಿಳಿದು, 'ಇನ್ನೊಂದು ಸಲ ಬರ್ತೀವಿ' ಎಂದು ಫೋನಿನಲ್ಲೇ ಹೇಳಿ ವಾಪಸಾದರು. ಹಾಸನದಿಂದ ಐಸ್ ಪೆಟ್ಟಿಗೆ ಹೊತ್ತು ಬಂದ ಗೂಡ್ಸ್ ಆಟೋದವನು ಖಾಲಿ ಬಾಡಿಗೆ ಕೊಡದೆ ಏಳುವುದಿಲ್ಲ ಅಂತ ಜಗಲಿ ಮೇಲೆ ಕೂತ. ತೌಡು, ಕಡಲೆಕಾಯಿ ಹಿಂಡಿ ಸಾಲ ಕೊಟ್ಟ ಅಂಗಡಿಯವರು ಸಾವಿನ ಮನೆಗೆ ಬಂದವರಂತೆ ಬಂದು, ಹೋಗುವಾಗ ಬಾಕಿ ಚೀಟಿ ಕೈಗಿಟ್ಟರು.

ಹವಾಮಾನವೇ ಕಾರಣ ಎಂದ ಮೇಲೆ ಪರಿಹಾರ ಕೊಡಿ ಎಂದು ಕಚೇರಿಗೆ ಹೋದರೆ 'ಬೆಳೆ ಪಟ್ಟಿಯಲ್ಲಿ ಮೀನಿಲ್ಲ' ಅಂದರು. ಪೇಪರಿನವರ ಮುಂದೆ ಹವಾಮಾನ ವೈಪರೀತ್ಯ, ನಮ್ಮ ಮುಂದೆ ನಿಯಮಾವಳಿ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಸಾರಿದರಲ್ಲ, ಆಗಲೂ ಇದೇ ಕಥೆ. ರಾಗಿಗೆ ಬರ, ಜೋಳಕ್ಕೆ ಬರ, ಬತ್ತಿದ ಕೆರೆಯಲ್ಲಿದ್ದ ಮೀನಿಗೆ ಮಾತ್ರ ಬರವಿಲ್ಲ! ಆ ಬೇಸಿಗೆಯಲ್ಲಿ ಸುತ್ತಲಿನ ಕೆರೆಗಳ ನೀರು ಒಟ್ಟಿಗೇ ಇಂಗಿ, ಎಲ್ಲರೂ ಒಂದೇ ಸಮಯಕ್ಕೆ ಬಲೆ ಹಾಕಿದರು. ಅರ್ಧ ಕೆಜಿಯೂ ತೂಗದ ರೋಹು, ಗೆಂಡೆಗಳನ್ನು ವ್ಯಾಪಾರಿ ಬಾಯಿಗೆ ಬಂದ ರೇಟಿಗೆ ಸುರಿದು ಬಂದೆವು. ಮೊದಲು ಆಷಾಢದಲ್ಲಿ ಮರಿ ಬಿಟ್ಟರೆ ಯುಗಾದಿ ಕಳೆಯುವಷ್ಟರಲ್ಲಿ ಕೆಜಿ ಮೇಲೆ ಬರುತ್ತಿದ್ದವು. ಈಗ ಕೆರೆಗೆ ನೀರು ಕಾಣುವುದೇ ನವರಾತ್ರಿ ಹೊತ್ತಿಗೆ. ಬಂದರೂ ಒಂದೇ ರಾತ್ರಿಯಲ್ಲಿ ನುಗ್ಗಿ ಬಂದು, ಕೋಡಿ ಬಿದ್ದು, ಆಗಷ್ಟೇ ಬಿಟ್ಟ ಮರಿಗಳನ್ನೂ ಎಳೆದುಕೊಂಡು ಹೋಗುತ್ತದೆ. ಕೋಡಿಗೆ ಬಲೆ ಕಟ್ಟಿದರೆ ಕಸ ಸಿಕ್ಕಿ ನೀರು ಹಿಂದಕ್ಕೆ ನಿಲ್ಲುತ್ತೆ ಅಂತ ಅಚ್ಚುಕಟ್ಟಿನವರು ಕಿತ್ತೆಸೆಯುತ್ತಾರೆ. ಅವರದೂ ತಪ್ಪಲ್ಲ ಬಿಡಿ. ಇಷ್ಟೆಲ್ಲ ಬದಲಾದರೂ ಬದಲಾಗದ್ದು ಗುತ್ತಿಗೆ ಹಣ ಒಂದೇ. ಅಲ್ಲ, ಅದೂ ಬದಲಾಗುತ್ತದೆ, ವರ್ಷ ವರ್ಷ ಏರುತ್ತದೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಮೀನು ಸಾಕುವವರಿಗೂ ಉಂಟು ಎಂದು 2018-19ರಿಂದ ಹೇಳುತ್ತಲೇ ಇದ್ದಾರೆ. ಕೇಳಲು ಹೋದರೆ ಬ್ಯಾಂಕಿನವರು ಪಹಣಿ ತನ್ನಿ ಎನ್ನುತ್ತಾರೆ. ಕೆರೆಯ ಪಹಣಿ ನನ್ನ ಹೆಸರಿಗೆ ಬರಬೇಕಾದರೆ ನಾನೂ ಒತ್ತುವರಿ ಮಾಡಬೇಕೇನೋ! ಮಾಡಿದವರು ಆರಾಮಾಗಿದ್ದಾರೆ. ಕೆರೆಗೆ ನೀರು ತರುತ್ತಿದ್ದ ಹಳ್ಳ ಯಾರ್ಯಾರ ತೆಂಗಿನ ತೋಟದೊಳಗೆ ಮಾಯವಾಗಿದೆ ಅಂತ ಊರಿಗೆಲ್ಲ ಗೊತ್ತು, ಸರ್ವೆಯವರಿಗೊಬ್ಬರಿಗೆ ಗೊತ್ತಿಲ್ಲ. ಹೂಳೆತ್ತಿದ ಬಿಲ್ಲು ಆಯಿತು, ಹೂಳು ಕೆರೆಯಲ್ಲೇ ಇದೆ. ನಿಜವಾಗಿ ಎತ್ತಿದ್ದರೆ ಎರಡಾಳು ನೀರು ನಿಂತು ಇಷ್ಟು ಬೇಗ ಕಾಯುತ್ತಲೂ ಇರಲಿಲ್ಲ. ಇನ್ನು ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆ. 2014ರಲ್ಲಿ ಶಂಕುಸ್ಥಾಪನೆ, ಅಂದಾಜು ಬೆಳೆದೂ ಬೆಳೆದೂ 23,251 ಕೋಟಿ ರೂಪಾಯಿ, 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಉದ್ಘಾಟನೆ. ಆ ನೀರು ಹಳೇಬೀಡಿನ ಕಡೆಯಿಂದ ವೇದಾವತಿ ಹಿಡಿದು ಹಿರಿಯೂರಿನ ವಾಣಿ ವಿಲಾಸ ಸಾಗರಕ್ಕೆ ಹೋದದ್ದನ್ನು ನಾವು ವಾಟ್ಸ್‌ಆ್ಯಪ್‌ನಲ್ಲಿ ನೋಡಿದೆವು. ಹಿರಿಯೂರಿನವರ ಮೇಲೆ ಹೊಟ್ಟೆಕಿಚ್ಚಿಲ್ಲ, ಆದರೆ ನಮ್ಮ ಕೆರೆಯ ಸರದಿ ಯಾವಾಗ?

ಮೀನುಗಾರಿಕೆ ಅಂದರೆ ಮಲ್ಪೆ, ಮಂಗಳೂರು, ಕಾರವಾರ ಅಷ್ಟೇ ಎಂದುಕೊಂಡವರಿಗೆ ಅರಸೀಕೆರೆ ಸೀಮೆಯಲ್ಲಿ ಮೀನು ಸಾಯುವುದೇ ತಮಾಷೆಯಾಗಿ ಕಾಣುತ್ತದೆ. ಕೂಡಲೇ ಪರಿಹಾರ ಕೊಡಬೇಕು. ಆಗದಿದ್ದರೆ ಈ ವರ್ಷದ ಗುತ್ತಿಗೆ ಹಣವನ್ನಾದರೂ ಮನ್ನಾ ಮಾಡಬೇಕು, ಅಥವಾ ಎರಡನ್ನೂ ಮಾಡಬೇಕು. ಹೂಳೂ ತೆಗೆಯಬೇಕು. 'ಮೇಲಿನವರಿಗೆ ಬರೆದಿದ್ದೇವೆ' ಎಂಬ ಉತ್ತರ ಮಾತ್ರ ಇನ್ನು ಬೇಡ. ಈ ಮೇಲಿನವರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ ಅಂತ ಹೇಳಲಿ, ನಾವೇ ಹೋಗಿ ಕೇಳುತ್ತೇವೆ.

– ನೊಂದ ಮೀನು ಗುತ್ತಿಗೆದಾರ, ಅರಸೀಕೆರೆ ತಾಲ್ಲೂಕು